ಗಣಾಚಾರವೂ ಕಡಲ ಮೂಕಜೀವವೂ

ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳನ್ನು ಇಳಿದ ಯಾತ್ರಿಕನ ಕಣ್ಣಿಗೆ ಮೊದಲು ಬೀಳುವುವು ಮೀನುಗಳು. ಮೊಳದುದ್ದದ ಮೀನುಗಳು ಗುಂಪುಗುಂಪಾಗಿ ಮೆಟ್ಟಿಲಿನ ಅಂಚಿಗೆ ಬಂದು, ಮಕ್ಕಳು ಎರಚುವ ಮಂಡಕ್ಕಿಗೆ ಬಾಯ್ದೆರೆಯುತ್ತವೆ. ಅವಕ್ಕೆ ಮನುಷ್ಯನ ಭಯವಿಲ್ಲ. ಅಲ್ಲಿ ನೀರಿಗೆ ಬೇಲಿಯಿಲ್ಲ. ಅದೇ ಹೊಳೆಯಲ್ಲಿ ದೂರ ಸಾಗಿದರೆ ಬಲೆಯೂ ಉಂಟು, ಗಾಳವೂ ಉಂಟು. ಆದರೂ ಆ ಮಡುವಿನಲ್ಲಿ ಮೀನು ನಿರ್ಭಯವಾಗಿದೆ. ಅದನ್ನು ಕಾಯುತ್ತಿರುವುದು ಕಲ್ಲಿನ ಕಟ್ಟೆಯಲ್ಲ, ಜನರ ಸಂಕಲ್ಪ.

ಒಬ್ಬನು ಹಾಡುಹಗಲಿನಲ್ಲಿ ಬಂದು ಆ ಮಡುವಿಗೆ ಬಲೆ ಬೀಸಿದನೆಂದು ಎಣಿಸಿದರೆ, ಮೆಟ್ಟಿಲ ಮೇಲೆ ನಿಂತ ಭಕ್ತನು ಮಾಡತಕ್ಕದ್ದೇನು? ಕಣ್ಣು ಮುಚ್ಚಿ ಜಪವನ್ನು ಮುಂದುವರಿಸಬೇಕೆ? ಕಚೇರಿಗೆ ಅರ್ಜಿ ಬರೆದು ಉತ್ತರಕ್ಕಾಗಿ ಕಾದಿರಬೇಕೆ? ಅಥವಾ ನೀರಿಗಿಳಿದು ಬಲೆಗೂ ಮೀನಿಗೂ ನಡುವೆ ನಿಲ್ಲಬೇಕೆ? ಘಟ್ಟದ ಕೆಳಗೆ ಕಪಿಲಾ ನದಿಯ ತೀರದ ಶಿಶಿಲದಲ್ಲಿಯೂ ಇಂತಹುದೇ ದೇವರ ಮೀನುಗಳುಂಟು. 1996ರಲ್ಲಿ ಅಲ್ಲಿ ದುಷ್ಟರು ವಿಷವಿಕ್ಕಿದುದರಿಂದ ಅಸಂಖ್ಯ ಮೀನುಗಳು ಸತ್ತುವು. ಅವುಗಳ ನೆನಪಿಗೆ ಊರವರು ಸ್ಮಾರಕವನ್ನು ನಿಲ್ಲಿಸಿರುವರು. ಶ್ರದ್ಧೆಯು ಮೀನನ್ನು ಕಾಯಬಲ್ಲುದು, ಆದರೆ ಶ್ರದ್ಧೆಗೂ ಎಚ್ಚರದ ಕಾವಲು ಬೇಕೆಂಬುದಕ್ಕೆ ಆ ಸ್ಮಾರಕವೇ ಸಾಕ್ಷಿ.

ಈ ಪ್ರಶ್ನೆಯನ್ನು ಹೊಳೆಯ ಮಡುವಿನಿಂದ ಮಹಾಸಾಗರಕ್ಕೆ ಒಯ್ದರೆ ಅದರ ಭಾರವು ತಿಳಿಯುವುದು. ತಿಮಿಂಗಿಲದ ವಾಣಿಜ್ಯ ಬೇಟೆಯನ್ನು ತಡೆಯಲೆಂದು ಕೆಲವರು ಕಳೆದ ಅರ್ಧ ಶತಮಾನದಿಂದ ಸಣ್ಣ ದೋಣಿಗಳಲ್ಲಿ ನಡುಗಡಲಿಗೆ ಹೋಗಿ, ಈಟಿಯ ಹಡಗಿಗೂ ಪ್ರಾಣಿಗೂ ನಡುವೆ ಅಡ್ಡನಿಂತಿರುವರು. ಅವರ ಕಾರ್ಯವು ಧರ್ಮವೋ ದುಡುಕೋ? ಶರಣಮಾರ್ಗದ ಗೃಹಸ್ಥನು ಅದನ್ನು ಬೆಂಬಲಿಸಬಹುದೆ? ಇದೇ ಈ ಪಾಠದ ವಿಷಯ.

ಅಹಿಂಸೆ ಬೇರೆ, ದಯೆ ಬೇರೆ

ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ, ಭದ್ರೆಯ ತೀರದಲ್ಲಿರುವ ರಂಭಾಪುರಿ ಪೀಠದ ಪರಂಪರೆಯು ಶ್ರೀ ರೇಣುಕಾಚಾರ್ಯರನ್ನು ಮೂಲಾಚಾರ್ಯರೆಂದು ಸ್ಮರಿಸುವುದು. ಅವರು ಅಗಸ್ತ್ಯನಿಗೆ ಉಪದೇಶಿಸಿದ ರೂಪದಲ್ಲಿರುವ ಗ್ರಂಥ ಸಿದ್ಧಾಂತಶಿಖಾಮಣಿ. ಧರ್ಮವನ್ನು ಹತ್ತು ಗುಣಗಳಲ್ಲಿ ಸಂಗ್ರಹಿಸಿ ಹೇಳುವಾಗ ಆ ಗ್ರಂಥವು ಅಹಿಂಸೆಯನ್ನೂ ದಯೆಯನ್ನೂ ಬೇರೆ ಬೇರೆಯಾಗಿ ಎಣಿಸಿರುವುದು ಗಮನಾರ್ಹ. ಎರಡೂ ಒಂದೇ ಆಗಿದ್ದರೆ ಎರಡು ಹೆಸರುಗಳೇಕೆ?

ವಿಚಾರಿಸಿದರೆ ಭೇದವು ಸ್ಪಷ್ಟವಾಗುವುದು. ತನ್ನ ಕೈಯಿಂದ ಕೊಲ್ಲದಿರುವುದು ಅಹಿಂಸೆ. ಅನ್ಯರ ಕೈಯಲ್ಲಿ ಸಾಯುತ್ತಿರುವ ಜೀವಕ್ಕಾಗಿ ಎದೆ ನೋಯುವುದು, ಆ ನೋವು ಕಾಲಿಗಿಳಿದು ಎದ್ದು ನಡೆಯುವಂತೆ ಮಾಡುವುದು ದಯೆ. ಅಹಿಂಸೆಯನ್ನು ಮನೆಯ ಬಾಗಿಲು ಮುಚ್ಚಿಕೊಂಡೂ ಪಾಲಿಸಬಹುದು. ದಯೆಗೆ ಬಾಗಿಲು ತೆರೆಯಲೇಬೇಕು. ದಯೆಯಿಲ್ಲದ ಆಚರಣೆ ಎಷ್ಟೇ ವಿಧಿಬದ್ಧವಾಗಿದ್ದರೂ ಧರ್ಮವೆನಿಸದೆಂಬುದು ಬಸವಣ್ಣನವರ ಉಪದೇಶ. ಬಲಿಗಾಗಿ ತಂದ ಕುರಿಯೊಂದು ತನ್ನ ಮರಣವನ್ನರಿಯದೆ, ಹಬ್ಬದ ಅಲಂಕಾರಕ್ಕಿಟ್ಟ ಎಲೆಯನ್ನು ಮೇಯುವ ಚಿತ್ರವನ್ನು ಅವರು ಒಂದು ವಚನದಲ್ಲಿ ಮುಂದಿಟ್ಟಿರುವರು. ಆ ಪ್ರಾಣಿಯು ತನ್ನ ಪರವಾಗಿ ವಾದಿಸಲಾರದು. ಅದರ ಪಕ್ಷವನ್ನು ಹಿಡಿಯುವವನು ಮನುಷ್ಯನೇ ಆಗಬೇಕು.

ಗಣಾಚಾರ ಮತ್ತು ಭೃತ್ಯಾಚಾರ

ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ ಎಂಬಿವು ಪಂಚಾಚಾರಗಳು. ಇವುಗಳಲ್ಲಿ ಗಣಾಚಾರವೆಂದರೆ ಶಿವನಿಗೂ ಶಿವಧರ್ಮಕ್ಕೂ ಆಗುವ ಹಾನಿಯನ್ನು ಕಂಡು ಸುಮ್ಮನಿರದಿರುವ ವ್ರತ. ನಿಂದೆಯನ್ನು ಕೇಳಿಯೂ ಕೇಳದಂತೆ ಇರುವುದು, ಅನ್ಯಾಯವನ್ನು ಕಂಡೂ ಕಾಣದಂತೆ ದಾಟಿಹೋಗುವುದು ಗಣಾಚಾರಿಗೆ ಸಲ್ಲದು. ಶಿವನು ಕರಸ್ಥಲದಲ್ಲಿ ಮಾತ್ರವಲ್ಲದೆ ಸಕಲ ಚರಾಚರದಲ್ಲಿಯೂ ತುಂಬಿರುವನೆಂದು ಒಪ್ಪಿದ ಬಳಿಕ, ಹಣದ ಲೋಭಕ್ಕಾಗಿ ಒಂದು ಜೀವಜಾತಿಯನ್ನೇ ನಿರ್ಮೂಲ ಮಾಡುವ ಕೃತ್ಯವು ಶಿವನ ಮನೆಗೆ ಮಾಡಿದ ಹಾನಿಯೇ ಆಗುವುದು. ಅದನ್ನು ತಡೆಯುವುದು ಗಣಾಚಾರದ ಪರಿಧಿಯೊಳಗಿನ ಕಾರ್ಯ.

ಆದರೆ ಹಿರಿಯರು ಗಣಾಚಾರವೊಂದನ್ನೇ ಹೇಳಿ ನಿಲ್ಲಿಸಲಿಲ್ಲ. ಅದರ ಪಕ್ಕದಲ್ಲಿಯೇ ಭೃತ್ಯಾಚಾರವನ್ನಿಟ್ಟರು. ಭೃತ್ಯನೆಂದರೆ ಸೇವಕ. ಎಲ್ಲರಿಗಿಂತ ತಾನು ಕಿರಿಯನೆಂಬ ವಿನಯವೇ ಭೃತ್ಯಾಚಾರ. ಗಣಾಚಾರವು ಬೆನ್ನನ್ನು ನೆಟ್ಟಗೆ ನಿಲ್ಲಿಸಿದರೆ ಭೃತ್ಯಾಚಾರವು ತಲೆಯನ್ನು ಬಾಗಿಸುವುದು. ಮೊದಲನೆಯದಿಲ್ಲದ ಎರಡನೆಯದು ಹೇಡಿತನಕ್ಕೆ ಇಳಿಯಬಹುದು. ಎರಡನೆಯದಿಲ್ಲದ ಮೊದಲನೆಯದು ಕ್ರೌರ್ಯಕ್ಕೆ ಏರಬಹುದು. ಪ್ರತಿರೋಧದ ಯಾವ ಕಾರ್ಯವನ್ನೇ ಆಗಲಿ ಈ ಎರಡು ತಟ್ಟೆಗಳ ತಕ್ಕಡಿಯಲ್ಲಿಟ್ಟು ತೂಗಬೇಕು.

ಮಲೆನಾಡಿಗೂ ಕಡಲಿಗೂ ಇರುವ ನಂಟು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಜನಕ್ಕೆ ಕಡಲು ದೂರದ್ದೆಂದು ತೋರಬಹುದು. ಆದರೆ ಆಷಾಢದಲ್ಲಿ ಈ ಸೀಮೆಯ ಅಡಕೆತೋಟಗಳ ಮೇಲೆ ಸುರಿಯುವ ಮಳೆಯು ಪಶ್ಚಿಮದ ಅರಬ್ಬೀ ಸಮುದ್ರದಿಂದ ಬಂದದ್ದು. ಆ ನೀರು ಶೃಂಗೇರಿ, ಹರಿಹರಪುರಗಳ ಬದಿಯಲ್ಲಿ ತುಂಗೆಯಾಗಿ, ಬಾಳೆಹೊನ್ನೂರಿನ ಬದಿಯಲ್ಲಿ ಭದ್ರೆಯಾಗಿ ಹರಿದು, ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯನ್ನು ಸೇರಿ ಪೂರ್ವದ ಬಂಗಾಳ ಕೊಲ್ಲಿಯನ್ನು ಮುಟ್ಟುವುದು. ಒಂದು ಕಡಲಿನಿಂದ ಪಡೆದು ಇನ್ನೊಂದು ಕಡಲಿಗೆ ಒಪ್ಪಿಸುವ ನಾಡು ಇದು. ಪಡೆದವನಿಗೆ ಕೊಟ್ಟವನ ಯೋಗಕ್ಷೇಮದಲ್ಲಿ ಆಸಕ್ತಿಯಿರಬೇಕಾದುದು ದಾಸೋಹದ ನೀತಿಯೇ ಆಗಿದೆ.

ತಿಮಿಂಗಿಲವು ನೀರಿನಲ್ಲಿದ್ದರೂ ಮೀನಲ್ಲ. ಅದು ಶ್ವಾಸಕೋಶದಿಂದ ಉಸಿರಾಡುವುದು, ಉಸಿರಿಗಾಗಿ ಮೇಲೇಳುವುದು, ಮರಿಯನ್ನು ಹೆತ್ತು ಹಾಲೂಡಿಸುವುದು. ನೀಲಿ ತಿಮಿಂಗಿಲವು ನೂರು ಟನ್ನುಗಳನ್ನು ಮೀರಿ ಬೆಳೆಯುವುದು. ಇಂದು ಭೂಮಿಯಲ್ಲಿ ಅದಕ್ಕಿಂತ ದೊಡ್ಡ ಪ್ರಾಣಿಯಿಲ್ಲ. ಉಸಿರಿಗಾಗಿ ಮೇಲೇಳಲೇಬೇಕೆಂಬ ಈ ನಿಯಮವೇ ಅದಕ್ಕೆ ಮೃತ್ಯುವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾರ್ವೆ ದೇಶದ ಸ್ವೆಂಡ್ ಫೊಯ್ನ್ ಎಂಬವನು ಫಿರಂಗಿಯಿಂದ ಹಾರಿಸುವ, ಒಳಹೊಕ್ಕ ಮೇಲೆ ಸಿಡಿಯುವ ಈಟಿಯನ್ನು ಬಳಕೆಗೆ ತಂದನು. ತರುವಾಯ ಕಡಲಿನಲ್ಲಿಯೇ ಪ್ರಾಣಿಯನ್ನು ಕೊಯ್ದು ಎಣ್ಣೆ ಕಾಯಿಸುವ ಕಾರ್ಖಾನೆ ಹಡಗುಗಳು ಬಂದುವು. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಕೊಲ್ಲಲ್ಪಟ್ಟ ತಿಮಿಂಗಿಲಗಳ ಸಂಖ್ಯೆ ಸುಮಾರು 29 ಲಕ್ಷವೆಂದು ವಿದ್ವಾಂಸರು ಲೆಕ್ಕ ಹಾಕಿರುವರು. ಎಣ್ಣೆಯು ಸಾಬೂನಿಗೆ, ಕೃತಕ ಬೆಣ್ಣೆಗೆ, ಯಂತ್ರಗಳಿಗೆ ಹೋಯಿತು.

ಈ ಪಾಪವು ದೂರದ ಹಿಮಸಾಗರದಲ್ಲಿ ಮಾತ್ರ ನಡೆದುದಲ್ಲ. 1966ರ ನವೆಂಬರಿನಲ್ಲಿ ಸೋವಿಯತ್ ಬೇಟೆಯ ಹಡಗುಗಳು ಅರಬ್ಬೀ ಸಮುದ್ರದಲ್ಲಿ ಇನ್ನೂರಕ್ಕೂ ಮಿಕ್ಕಿ ಗೂನುಬೆನ್ನಿನ ತಿಮಿಂಗಿಲಗಳನ್ನು ನಿಯಮಬಾಹಿರವಾಗಿ ಕೊಂದುವು. ಸತ್ಯವನ್ನು ಮುಚ್ಚಿಟ್ಟು ಸುಳ್ಳು ಲೆಕ್ಕವನ್ನು ಒಪ್ಪಿಸಿದುವು. ದಶಕಗಳ ಬಳಿಕವಷ್ಟೇ ಆ ಸಂಗತಿ ಹೊರಬಂದಿತು. ಬೇರೆ ಸಾಗರಗಳ ಗೂನುಬೆನ್ನಿನ ತಿಮಿಂಗಿಲಗಳು ಋತುವಿಗೆ ತಕ್ಕಂತೆ ದೂರದ ಪ್ರಯಾಣ ಮಾಡಿದರೆ, ಅರಬ್ಬೀ ಸಮುದ್ರದವು ವರ್ಷವೆಲ್ಲ ಅಲ್ಲಿಯೇ ಇರುವುವು. ಆ ವಂಶವು ಇಂದಿಗೂ ಅಳಿವಿನ ಅಂಚಿನಲ್ಲಿದೆ. ಮಲೆನಾಡಿನ ಮೋಡವು ಹುಟ್ಟುವ ಕಡಲು ಅದೇ.

ಕಾಯಕವೋ ಲೋಭವೋ

ಇಲ್ಲಿ ಒಂದು ಆಕ್ಷೇಪವೇಳಬಹುದು: ಬೇಟೆಯವನಿಗೂ ಹೊಟ್ಟೆಯುಂಟಲ್ಲವೆ? ಅದೂ ಅವನ ಕಾಯಕವಲ್ಲವೆ?

ಇದಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯಲ್ಲಿ ಉತ್ತರವುಂಟು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳಲ್ಲಿ ಪತಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದರು. ಪತ್ನಿಯು ಹಿಗ್ಗಲಿಲ್ಲ. ಅಗತ್ಯಕ್ಕೆ ಮೀರಿದುದು ಆಸೆಯೆಂದು ತಿಳಿಹೇಳಿ, ಹೆಚ್ಚಾದುದನ್ನು ಮರಳಿ ಹಾಕಿ ಬರುವಂತೆ ಕಳುಹಿಸಿದರು. ಕಾಯಕಕ್ಕೂ ಲೋಭಕ್ಕೂ ನಡುವಿನ ಗೆರೆಯನ್ನು ಆ ತಾಯಿ ಒಂದು ಹಿಡಿ ಅಕ್ಕಿಯಿಂದ ಎಳೆದು ತೋರಿಸಿದರು.

ಈ ಅಳತೆಯನ್ನು ಕಡಲಿಗೆ ಅನ್ವಯಿಸಬಹುದು. ಬೆಳೆ ಬೆಳೆಯದ ಉತ್ತರಧ್ರುವದ ಹಿಮಪ್ರದೇಶಗಳಲ್ಲಿ ಮೂಲನಿವಾಸಿಗಳು ತಮ್ಮ ಆಹಾರಕ್ಕಾಗಿ ಮಿತವಾಗಿ ಬೇಟೆಯಾಡುವುದನ್ನು ಅಂತಾರಾಷ್ಟ್ರೀಯ ನಿಯಮವು ಬೇರೆಯಾಗಿಯೇ ಎಣಿಸಿ ಅನುಮತಿಸಿದೆ. ಕರಾವಳಿಯ ಬೆಸ್ತನ ದೋಣಿಯ ಮಾತೂ ಬೇರೆ. ಅವನನ್ನು ದೂಷಿಸಲು ಶರಣಮಾರ್ಗದಲ್ಲಿ ಆಸ್ಪದವಿಲ್ಲ. ದೋಣಿ ನಡೆಸಿ ಬದುಕಿದ ಅಂಬಿಗರ ಚೌಡಯ್ಯನವರಿಗೆ ಶರಣರ ಸಭೆಯಲ್ಲಿ ಉನ್ನತ ಸ್ಥಾನವಿತ್ತು. ಆದರೆ ಸಾವಿರಾರು ಮೈಲಿ ದಾಟಿ ಅನ್ಯಸಾಗರಕ್ಕೆ ಹೋಗಿ, ಸಿಡಿಯುವ ಈಟಿಯಿಂದ ಸಾವಿರಗಟ್ಟಲೆ ಜೀವಗಳನ್ನು ಕೊಂದು, ಒಂದು ಜಾತಿ ಮುಗಿದೊಡನೆ ಇನ್ನೊಂದಕ್ಕೆ ಕೈಯಿಕ್ಕುವುದು ಹೊಟ್ಟೆಯ ಹಸಿವಲ್ಲ. ಅದು ಮರಳಿ ಹಾಕಬೇಕಾದ ಅಕ್ಕಿ.

ಕಾಗದದ ನಿಯಮ, ಕಡಲಿನ ಸತ್ಯ

ತಿಮಿಂಗಿಲದ ಬೇಟೆಯನ್ನು ನಿಯಂತ್ರಿಸಲು 1946ರಲ್ಲಿ ರಾಷ್ಟ್ರಗಳ ನಡುವೆ ಒಡಂಬಡಿಕೆಯಾಯಿತು. ಅದರಿಂದ ಹುಟ್ಟಿದ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು ದೀರ್ಘಕಾಲ ಬೇಟೆಗಾರರ ಕೂಟದಂತೆಯೇ ಇದ್ದಿತು. 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಕ್ಷೇತ್ರವೆಂದು ಆಯೋಗವು ಸಾರಿತು. 1981ರಲ್ಲಿ ಭಾರತವು ಆಯೋಗವನ್ನು ಸೇರಿತು. 1982ರಲ್ಲಿ ಎಲ್ಲ ವಾಣಿಜ್ಯ ಬೇಟೆಯನ್ನು ನಿಲ್ಲಿಸಬೇಕೆಂಬ ನಿರ್ಣಯವು ಅಂಗೀಕೃತವಾಗಿ, 1985-86ರ ಋತುವಿನಿಂದ ಜಾರಿಗೆ ಬಂದಿತು.

ಆದರೆ ನಿಯಮದಲ್ಲಿ ಕಿಂಡಿಗಳಿದ್ದುವು. ನಾರ್ವೆಯು ಆಕ್ಷೇಪವನ್ನು ದಾಖಲಿಸಿ ಬೇಟೆಯಾಡುವ ಹಕ್ಕನ್ನು ಉಳಿಸಿಕೊಂಡಿತು. ವೈಜ್ಞಾನಿಕ ಸಂಶೋಧನೆಗಾಗಿ ಕೊಲ್ಲಬಹುದೆಂಬ ವಿನಾಯಿತಿಯನ್ನು ಹಿಡಿದು ಜಪಾನು 1987ರಿಂದ ದಕ್ಷಿಣ ಧ್ರುವದ ಸಾಗರದಲ್ಲಿ ಬೇಟೆಯನ್ನು ಮುಂದುವರಿಸಿತು. ಮಾಂಸವು ಅಂಗಡಿಗಳಿಗೆ ಹೋಯಿತು. 2014ರ ಮಾರ್ಚ್ 31ರಂದು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯವು, ಆಸ್ಟ್ರೇಲಿಯಾ ಹೂಡಿದ ವ್ಯಾಜ್ಯದಲ್ಲಿ, ಆ ಕಾರ್ಯಕ್ರಮವು ಸಂಶೋಧನೆಯ ಉದ್ದೇಶಕ್ಕೆ ಸಲ್ಲುವಂಥದಲ್ಲವೆಂದು ತೀರ್ಪಿತ್ತಿತು. ಕೊನೆಗೆ 2019ರ ಜೂನ್ 30ರಂದು ಜಪಾನು ಆಯೋಗವನ್ನೇ ಬಿಟ್ಟು, ಮರುದಿನದಿಂದ ತನ್ನ ಕಡಲಿನಲ್ಲಿ ಬಹಿರಂಗವಾಗಿ ವಾಣಿಜ್ಯ ಬೇಟೆಗಿಳಿಯಿತು. ವಿಜ್ಞಾನದ ವೇಷವು ಕಳಚಿತು, ಈಟಿಯು ಉಳಿಯಿತು.

ನುಡಿಗೂ ನಡೆಗೂ ನಡುವಿನ ಅಂತರವನ್ನು ಶರಣರು ಎಷ್ಟೊಂದು ಪರಿಯಲ್ಲಿ ಎತ್ತಿ ತೋರಿಸಿರುವರೆಂಬುದು ವಚನಗಳನ್ನು ಓದುವವರೆಲ್ಲರಿಗೆ ಗೊತ್ತು. ರಾಷ್ಟ್ರಗಳ ನುಡಿಯು ನಡೆಯಾಗದಿದ್ದಾಗ, ಆ ಅಂತರದಲ್ಲಿ ಹೋಗಿ ನಿಲ್ಲುವವರು ಬೇಕಾಗುವರು.

ಅಡ್ಡನಿಂತವರು

1975ರ ಜೂನ್ 27ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ತೀರದಾಚೆಯ ಕಡಲಿನಲ್ಲಿ, ಗ್ರೀನ್‌ಪೀಸ್ ಸಂಸ್ಥೆಯ ಕೆಲವರು ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಕುಳಿತು, ಸೋವಿಯತ್ ಬೇಟೆ ಹಡಗಿಗೂ ಓಡುತ್ತಿದ್ದ ತಿಮಿಂಗಿಲಗಳಿಗೂ ನಡುವೆ ನುಗ್ಗಿದರು. ನಡುವೆ ಮನುಷ್ಯರಿದ್ದರೆ ಬೇಟೆಗಾರನು ಈಟಿಯನ್ನು ಹಾರಿಸಲಾರನೆಂಬುದು ಅವರ ನಂಬಿಕೆಯಾಗಿತ್ತು. ಆದರೆ ಈಟಿಯು ಅವರ ತಲೆಯ ಮೇಲಿನಿಂದಲೇ ಹಾರಿಹೋಗಿ ತಿಮಿಂಗಿಲವೊಂದನ್ನು ಚುಚ್ಚಿತು. ಅಂದು ಆ ಪ್ರಾಣಿಯು ಉಳಿಯಲಿಲ್ಲ. ಆದರೆ ಅವರು ತೆಗೆದ ಚಿತ್ರಗಳನ್ನು ಲೋಕವೆಲ್ಲ ಕಂಡಿತು. ಕಾಣದೆ ನಡೆಯುತ್ತಿದ್ದ ಕೊಲೆಯು ಕಾಣತೊಡಗಿತು. ಏಳು ವರ್ಷಗಳಲ್ಲಿ 1982ರ ನಿರ್ಣಯವು ಬಂದಿತು. ಅದಕ್ಕೆ ಹಲವು ಕಾರಣಗಳಿದ್ದುವು. ಜನಾಭಿಪ್ರಾಯವನ್ನು ಎಬ್ಬಿಸಿದ ಈ ಸಾಹಸವೂ ಅವುಗಳಲ್ಲೊಂದು.

ಅದೇ ದೋಣಿಗಳಲ್ಲಿದ್ದವರಲ್ಲಿ ಒಬ್ಬನು ಕೆನಡಾ ದೇಶದ ಪಾಲ್ ವಾಟ್ಸನ್. ಪ್ರತಿರೋಧದ ರೀತಿಯ ಬಗೆಗೆ ಗ್ರೀನ್‌ಪೀಸಿನವರೊಡನೆ ಭಿನ್ನಾಭಿಪ್ರಾಯವುಂಟಾಗಿ, ಅವನು 1977ರಲ್ಲಿ ಬೇರೆಯಾಗಿ, ಮುಂದೆ ಸೀ ಷೆಫರ್ಡ್ ಎಂದು ಪ್ರಸಿದ್ಧವಾದ ಸಂಸ್ಥೆಯನ್ನು ಕಟ್ಟಿದನು. ಅವರ ಹಡಗುಗಳು ದಕ್ಷಿಣ ಧ್ರುವದ ಸಾಗರದಲ್ಲಿ ಋತುವಿನ ಮೇಲೆ ಋತು ಬೇಟೆಯ ಹಡಗುಗಳನ್ನು ಬೆಂಬತ್ತಿ, ಕೊಂದ ಪ್ರಾಣಿಯನ್ನು ಕಾರ್ಖಾನೆ ಹಡಗಿಗೆ ಏರಿಸಲಾಗದಂತೆ ಅಡ್ಡಗಟ್ಟಿದುವು. 2010-11ರ ಋತುವಿನಲ್ಲಿ ಜಪಾನಿನ ಹಡಗುಗಳು 172 ತಿಮಿಂಗಿಲಗಳನ್ನು ಮಾತ್ರ ಹಿಡಿದು, ಗುರಿಯ ಕಾಲುಭಾಗವನ್ನೂ ಮುಟ್ಟದೆ, ಫೆಬ್ರವರಿಯಲ್ಲಿಯೇ ಹಿಂದಿರುಗಿದುವು. ಆ ವರ್ಷ ನೂರಾರು ಜೀವಗಳು ಉಳಿದುವೆಂಬುದು ನಿರ್ವಿವಾದ.

ಇದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. 2010ರ ಜನವರಿಯಲ್ಲಿ ಅವರ ಆಡಿ ಗಿಲ್ ಎಂಬ ಸಣ್ಣ ಹಡಗು ಜಪಾನಿನ ಕಾವಲು ಹಡಗಿನ ಡಿಕ್ಕಿಯಿಂದ ಮುರಿಯಿತು. ಅದರಲ್ಲಿದ್ದ ಆರು ಮಂದಿಯೂ ಬದುಕಿ ಉಳಿದರು. 2024ರ ಜುಲೈ 21ರಂದು, ಜಪಾನಿನ ಹಳೆಯ ಆರೋಪಪತ್ರದ ಮೇಲೆ, ವಾಟ್ಸನ್ನನನ್ನು ಗ್ರೀನ್‌ಲ್ಯಾಂಡಿನಲ್ಲಿ ಬಂಧಿಸಲಾಯಿತು. ಆಗ ಅವನಿಗೆ 73 ವರ್ಷ. ಸುಮಾರು ಐದು ತಿಂಗಳು ಸೆರೆಯಲ್ಲಿದ್ದ ಬಳಿಕ, ಡೆನ್ಮಾರ್ಕ್ ಸರ್ಕಾರವು ಅವನನ್ನು ಜಪಾನಿಗೆ ಒಪ್ಪಿಸಲು ನಿರಾಕರಿಸಿ, ಡಿಸೆಂಬರ್ 17ರಂದು ಬಿಡುಗಡೆ ಮಾಡಿತು.

ಕಲ್ಯಾಣದ ಎಚ್ಚರಿಕೆ

ಇಷ್ಟನ್ನು ಮೆಚ್ಚಿದ ಮಾತ್ರಕ್ಕೆ ಎಲ್ಲವನ್ನೂ ಮೆಚ್ಚಬೇಕೆಂದಿಲ್ಲ. ಈ ಗುಂಪಿನವರು 1979ರಲ್ಲಿ ಪೋರ್ಚುಗಲ್ ತೀರದಲ್ಲಿ ಸಿಯೆರಾ ಎಂಬ ಕಳ್ಳಬೇಟೆಯ ಹಡಗಿಗೆ ತಮ್ಮ ಹಡಗನ್ನು ಬೇಕೆಂದೇ ಡಿಕ್ಕಿ ಹೊಡೆಸಿದರು. 1986ರ ನವೆಂಬರಿನಲ್ಲಿ ಇಬ್ಬರು ಐಸ್‌ಲ್ಯಾಂಡಿನ ಬಂದರಿನಲ್ಲಿ ಎರಡು ಬೇಟೆ ಹಡಗುಗಳನ್ನು ಮುಳುಗಿಸಿದರು. ಯಾರ ಪ್ರಾಣವೂ ಹೋಗಲಿಲ್ಲವೆಂಬುದು ನಿಜ. ಹೋಗಬಹುದಾಗಿತ್ತೆಂಬುದೂ ನಿಜ.

ಇಲ್ಲಿ ಶರಣಸಂಪ್ರದಾಯಕ್ಕೆ ತನ್ನ ಚರಿತ್ರೆಯಿಂದಲೇ ಪಾಠವುಂಟು. ಕಲ್ಯಾಣದಲ್ಲಿ ಹರಳಯ್ಯನವರೂ ಮಧುವರಸರೂ ಜಾತಿಯ ಕಟ್ಟನ್ನು ಮೀರಿ ಮಕ್ಕಳ ವಿವಾಹಸಂಬಂಧವನ್ನು ಬೆಳೆಸಿದರು. ಅವರು ಬರಿದೆ ಬೋಧಿಸಲಿಲ್ಲ, ಅರಸನಿಗೆ ಬಿನ್ನಹಪತ್ರವನ್ನು ಬರೆದು ಕಾಯಲಿಲ್ಲ. ತಮಗೆ ಸತ್ಯವೆಂದು ಕಂಡುದನ್ನು ಮಾಡಿಯೇ ತೋರಿಸಿದರು. ಅದರ ದಂಡನೆಯನ್ನು ತಮ್ಮ ದೇಹದ ಮೇಲೆಯೇ ಹೊತ್ತರು. ಆ ಬಲಿದಾನದಲ್ಲಿ ಗಣಾಚಾರವೂ ಭೃತ್ಯಾಚಾರವೂ ಕೂಡಿಯೇ ಇದ್ದುವು. ತರುವಾಯ, ಪರಂಪರೆಯು ಹೇಳುವಂತೆ, ರೊಚ್ಚಿಗೆದ್ದವರ ಕೈಯಲ್ಲಿ ಬಿಜ್ಜಳನ ಕೊಲೆಯಾಯಿತು. ಅದರಿಂದ ಸತ್ಯವು ಗೆಲ್ಲಲಿಲ್ಲ. ಶರಣರು ದಿಕ್ಕುದಿಕ್ಕಿಗೆ ಚದರಿಹೋದರು, ಕಲ್ಯಾಣವು ಹಾಳಾಯಿತು. ಪೆಟ್ಟನ್ನು ತನ್ನ ಮೇಲೆ ತೆಗೆದುಕೊಳ್ಳುವ ಪ್ರತಿರೋಧಕ್ಕೂ, ಪೆಟ್ಟನ್ನು ಎದುರಾಳಿಯ ಮೇಲೆ ಹಾಕುವ ಪ್ರತಿರೋಧಕ್ಕೂ ಇರುವ ಅಂತರ ಇದು.

ಆದಕಾರಣ ಗೃಹಸ್ಥಭಕ್ತನು ಮೂರು ಒರೆಗಲ್ಲುಗಳನ್ನು ಇಟ್ಟುಕೊಳ್ಳಬಹುದು. ಒಂದನೆಯದು: ಈ ಕಾರ್ಯವು ಮೂಕಜೀವದ ರಕ್ಷಣೆಗೋ, ಮಾಡುವವನ ಕೀರ್ತಿಗೋ? ಎರಡನೆಯದು: ಇದರಲ್ಲಿ ಅಪಾಯಕ್ಕೆ ಒಡ್ಡಿದ ದೇಹ ಯಾರದು, ತನ್ನದೋ ಪರರದೋ? ಮೂರನೆಯದು: ಮಾಡಿದುದನ್ನು ಬಹಿರಂಗವಾಗಿ ಒಪ್ಪಿಕೊಂಡು ಅದರ ಫಲವನ್ನು ಅನುಭವಿಸಲು ಅವನು ಸಿದ್ಧನಾಗಿರುವನೋ, ಕತ್ತಲೆಯಲ್ಲಿ ಮರೆಯಾಗುವನೋ? ಈಟಿಯ ಮುಂದೆ ರಬ್ಬರ್ ದೋಣಿಯಲ್ಲಿ ನಿಂತವರು ಈ ಮೂರರಲ್ಲಿಯೂ ಒರೆಗೆ ಒಪ್ಪುವರು. ಅವರನ್ನು ಭಕ್ತನು ಸಂಕೋಚವಿಲ್ಲದೆ ಬೆಂಬಲಿಸಬಹುದು. ಹಡಗನ್ನು ಮುಳುಗಿಸುವ, ಹಡಗಿಗೆ ಹಡಗನ್ನು ಗುದ್ದುವ ಕಾರ್ಯಗಳು ಎರಡನೆಯ ಒರೆಗಲ್ಲಿನಲ್ಲಿಯೇ ಸೋಲುವುವು. ಉದ್ದೇಶವು ಎಷ್ಟೇ ಶುದ್ಧವಾದರೂ ಅಲ್ಲಿಗೆ ಬೆಂಬಲವನ್ನು ನಿಲ್ಲಿಸುವುದು ಲೇಸು. ಬೇಟೆಯ ಹಡಗಿನ ಕೂಲಿಯಾಳಿನಲ್ಲಿಯೂ ಇರುವುದು ಅದೇ ಶಿವನಲ್ಲವೆ?

ಮಲೆನಾಡಿನ ಸಾಕ್ಷ್ಯ

ಈ ಮಾರ್ಗವು ಕನ್ನಡನಾಡಿಗೆ ಹೊಸದಲ್ಲ. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಜನರು ಉಪ್ಪಿನ ಕಾಯಿದೆಯನ್ನು ಬಹಿರಂಗವಾಗಿ ಮುರಿದರು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸೀಮೆಯ ಸಾಲ್ಕಣಿಯ ಹೆಂಗಸರೂ ಗಂಡಸರೂ ಕಾಡಿಗೆ ನಡೆದು, ಕೊಡಲಿ ಬೀಳಬೇಕಾಗಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿಯೆಂದು ಅದು ಲೋಕಪ್ರಸಿದ್ಧವಾಯಿತು. ಮರಕ್ಕೂ ಕೊಡಲಿಗೂ ನಡುವೆ ನಿಂತ ಆ ದೇಹಗಳಿಗೂ, ತಿಮಿಂಗಿಲಕ್ಕೂ ಈಟಿಗೂ ನಡುವೆ ನಿಂತ ದೇಹಗಳಿಗೂ ತತ್ತ್ವದಲ್ಲಿ ಭೇದವಿಲ್ಲ.

ತುಂಗಾ ಭದ್ರಾ ತೀರದವರಿಗೆ ಇನ್ನೂ ಹತ್ತಿರದ ನಿದರ್ಶನವುಂಟು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯಿಂದ ಭದ್ರೆಯಲ್ಲಿ ಕೆಮ್ಮಣ್ಣು ಹರಿಯಿತು. ಗಣಿಯು ಇನ್ನಷ್ಟು ಬೆಟ್ಟಗಳಿಗೆ ಹಬ್ಬುವ ಸೂಚನೆ ಕಂಡಾಗ, ನದಿಗಳ ಮೂಲವನ್ನು ಉಳಿಸಬೇಕೆಂದು ಜನರು ಬೀದಿಗಿಳಿದರು. ಅತ್ತ ಕೆಲವರು ನ್ಯಾಯಾಲಯದ ಮೆಟ್ಟಿಲನ್ನೇರಿದರು. 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪನ್ನಿತ್ತು ಗಡುವು ಹಾಕಿದುದರಿಂದ, 2005ರ ಕೊನೆಯ ದಿನದಂದು ಗಣಿಗಾರಿಕೆಯು ನಿಂತಿತು. ಬೀದಿಯ ಗಣಾಚಾರಕ್ಕೂ ನ್ಯಾಯಾಲಯದ ತಾಳ್ಮೆಗೂ ವೈರವಿರಬೇಕಾಗಿಲ್ಲ, ಒಂದು ಇನ್ನೊಂದಕ್ಕೆ ಆಸರೆಯಾಗಬಲ್ಲುದೆಂಬುದನ್ನು ಇದು ತೋರಿಸಿತು.

ಆದರೆ ಭೃತ್ಯಾಚಾರವು ಇಲ್ಲಿಯೂ ಒಂದು ಮಾತನ್ನು ನೆನಪಿಸುವುದು. ಗಣಿಯು ನಿಂತಾಗ ಅದನ್ನು ನಂಬಿದ್ದ ಕೆಲಸಗಾರರ ಬದುಕು ಅಲುಗಿತು. ಕುದುರೆಮುಖದ ಊರು ಬರಿದಾಗತೊಡಗಿತು. ರಾಷ್ಟ್ರೀಯ ಉದ್ಯಾನದೊಳಗೆ ತಲೆತಲಾಂತರದಿಂದ ಬಾಳಿದ ಕುಟುಂಬಗಳನ್ನು ಒಕ್ಕಲೆಬ್ಬಿಸುವ ಭಯವು ಕಾಡಿತು. ನದಿಯನ್ನು ಉಳಿಸಿದ ಗೆಲುವಿನ ನಡುವೆ ಈ ಜನರ ಕಷ್ಟವನ್ನು ಮರೆತರೆ ದಯೆಯು ಅರ್ಧವೇ ಆಗುವುದು. ಹಾಗೆಯೇ ತಿಮಿಂಗಿಲದ ಪಕ್ಷವನ್ನು ಹಿಡಿದವರು ಬೇಟೆಯ ಬಂದರುಗಳ ಬಡಕುಟುಂಬಗಳಿಗೆ ಬೇರೆ ಜೀವನೋಪಾಯವಾಗಲೆಂದು ಹಾರೈಸಬೇಕು, ಅದಕ್ಕಾಗಿ ಮಾತನಾಡಬೇಕು.

ಗೃಹಸ್ಥನು ಮಾಡಬಹುದಾದುದು

ಎಲ್ಲರೂ ದಕ್ಷಿಣ ಧ್ರುವಕ್ಕೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಬೆಂಬಲವು ಮನೆಯಿಂದಲೇ ಮೊದಲಾಗುವುದು.

ಮೊದಲನೆಯದಾಗಿ, ಕೊಳ್ಳುವವನಿದ್ದರಷ್ಟೇ ಕೊಲ್ಲುವವನು. ಎಣ್ಣೆ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ಅಂಬರ್‌ಗ್ರಿಸ್ ಎಂಬ ವಸ್ತುವನ್ನು ತಿಮಿಂಗಿಲದ ವಾಂತಿಯೆಂದು ಕರೆದು, ಕೋಟಿಗಟ್ಟಲೆ ಬೆಲೆಯ ಆಸೆ ತೋರಿಸಿ ಮಾರುವವರು ಕರ್ನಾಟಕದಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿರುವರು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಭಾರತದಲ್ಲಿ ಅದರ ವ್ಯಾಪಾರವು ಅಪರಾಧ. ಅಂತಹ ಮಾತನ್ನು ತಂದವನನ್ನು ಬಾಗಿಲಿನಿಂದಲೇ ಕಳುಹಿಸುವುದು ಗೃಹಸ್ಥನ ಗಣಾಚಾರ.

ಎರಡನೆಯದಾಗಿ, ಕಡಲಿನ ಈಟಿಯನ್ನು ಖಂಡಿಸುವವನು ತನ್ನ ಹಳ್ಳದ ಕಡೆಗೂ ನೋಡಬೇಕು. ಹೊಳೆಯ ಮಡುವಿನಲ್ಲಿ ಸಿಡಿಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವವರನ್ನು ಊರು ಕಂಡೂ ಕಾಣದಂತಿದ್ದರೆ ಆ ಊರಿಗೆ ತಿಮಿಂಗಿಲದ ಮಾತನಾಡುವ ಅಧಿಕಾರವಿಲ್ಲ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣವನ್ನು ಹೊಡೆಯುವುದು ಕೃಷಿಕನಿಗೆ ಅನಿವಾರ್ಯವಿರಬಹುದು. ಆದರೆ ಅದರಲ್ಲಿರುವ ಮೈಲುತುತ್ತವು ಮೀನಿಗೆ ವಿಷ. ಮಿಶ್ರಣ ಕಲಸಿದ ಪಾತ್ರೆಯನ್ನು ಹರಿಯುವ ಹಳ್ಳದಲ್ಲಿ ತೊಳೆಯದೆ, ನೀರನ್ನು ತೋಟದ ನೆಲಕ್ಕೇ ಚೆಲ್ಲುವುದು ಕಷ್ಟದ ಕೆಲಸವಲ್ಲ. ಆ ಹಳ್ಳವು ತುಂಗೆಯನ್ನು ಸೇರುವುದು. ತುಂಗೆಯು ಕಡಲನ್ನು ಸೇರುವುದು.

ಮೂರನೆಯದಾಗಿ, ದಾಸೋಹದ ಅಲ್ಪ ಭಾಗವನ್ನು ಜೀವರಕ್ಷಣೆಗೆ ನಿಂತವರಿಗೆ ಸಲ್ಲಿಸಬಹುದು. ಸಲ್ಲಿಸುವ ಮುನ್ನ ಮೇಲಿನ ಮೂರು ಒರೆಗಲ್ಲುಗಳಲ್ಲಿ ಅವರನ್ನು ಪರೀಕ್ಷಿಸುವುದು ಯುಕ್ತ. ಹಣಕ್ಕಿಂತ ಮಿಗಿಲಾದುದು ಮಾತು. ಮನೆಯ ಮಕ್ಕಳು ಶೃಂಗೇರಿಯ ಮೀನಿಗೆ ಮಂಡಕ್ಕಿ ಹಾಕುವಾಗ, ಇಂತಹುದೇ ಉಸಿರುಳ್ಳ ಹಿರಿಯ ಜೀವಗಳು ಕಡಲಿನಲ್ಲಿ ಇರುವುವೆಂದೂ, ಅವುಗಳ ಮುಂದೆ ತಮ್ಮ ದೇಹವನ್ನೇ ಅಡ್ಡವಿಟ್ಟವರಿರುವರೆಂದೂ ತಂದೆತಾಯಂದಿರು ಹೇಳಬೇಕು.

ಮಡುವಿನ ಮೀನು ಭಕ್ತನ ಕೈಯನ್ನು ನಂಬಿ ಹತ್ತಿರ ಬರುವುದು. ಆ ನಂಬಿಕೆಯನ್ನು ಅದು ಕೇಳಿ ಪಡೆದುದಲ್ಲ. ಯಾರೋ ಹಿಂದೆ ಬಲೆಗೆ ಅಡ್ಡನಿಂತುದರಿಂದ ಅದು ಉಳಿದು ಬಂದಿದೆ. ಕಡಲಿನ ಜೀವಕ್ಕೂ ಅಂತಹದೇ ಅಭಯವು ದೊರೆಯಲೆಂದು ಬಯಸುವುದು, ಅದಕ್ಕಾಗಿ ನಿಂತವರ ಜೊತೆಗೆ ಮನಸ್ಸಿನಿಂದಲೂ 
ಕೈಲಾದ ಕಾರ್ಯದಿಂದಲೂ ನಿಲ್ಲುವುದು, ನಿಲ್ಲುವಾಗ ಯಾರನ್ನೂ ನೋಯಿಸದಿರುವುದು, ಇದೇ ಗಣಾಚಾರ ಭೃತ್ಯಾಚಾರಗಳ ಸಂಗಮ. ಸರ್ವಾಂತರ್ಯಾಮಿಯಾದ ಶಿವನು ಸದ್ಭಕ್ತರಿಗೆ ಆ ಬಲವನ್ನೂ ಆ ವಿನಯವನ್ನೂ ಕರುಣಿಸಲಿ.